ಕಾಲು ತಿರುವಿನ ಸವಾರ

ನನ್ನ ಬೈಕು ಮನೆಯ ಗೇಟು ದಾಟಿದ್ದು ಬೀದಿಯ ಕೊನೆಯ ಮನೆಯವರಿಗೂ ಗೊತ್ತಾಗುತ್ತಿತ್ತು. ಆದರೆ ಬೈಕು ಆ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಅವರು ಕಾಫಿ ಕುಡಿದು ಲೋಟ ತೊಳೆದಿಟ್ಟಿರುತ್ತಿದ್ದರು. ಥ್ರಾಟಲ್ ತಿರುವಿದರೆ ಮೊದಲು ಒಂದು ತೇಗು, ಆಮೇಲೆ ಒಂದು ನಿಟ್ಟುಸಿರು, ಮುಳ್ಳು 4000 ಆರ್‌ಪಿಎಂ ದಾಟಿದ ಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಓಟ. ಓಡಬೇಕು ಅನ್ನುವಷ್ಟರಲ್ಲಿ ಮೈಸೂರಿನ ಬಲ್ಲಾಳ್ ಸರ್ಕಲ್ಲಿನ ಕೆಂಪು ದೀಪ.

"ರೀ, ಸದ್ದೆಲ್ಲ ಕುಶಾಲತೋಪಿಂದು, ಹೋಗೋದು ಮಾತ್ರ ಜಂಬೂಸವಾರಿ ಸ್ಪೀಡು," ಎಂದಳು ತರಕಾರಿ ಚೀಲ ಹಿಡಿದು ಹಿಂದೆ ಕೂತಿದ್ದ ಹೆಂಡತಿ. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ ಕಾಲೇಜು ಹುಡುಗಿ ನಕ್ಕಳು. ದೀಪ ಹಸಿರಾದಾಗ ಆ ಸ್ಕೂಟರೂ ನಮ್ಮನ್ನು ಬಿಟ್ಟು ಹೋಯಿತು.

ಬೈಕು ಹುಟ್ಟುವಾಗ ಹೀಗಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡವನು ನಾನು. ನಲವತ್ತೈದು ತುಂಬಿದ ವರ್ಷ, ಸಕ್ಕರೆ ಕಾಯಿಲೆಯ ಮೊದಲ ರಿಪೋರ್ಟಿನ ಜೊತೆಜೊತೆಗೇ, ಕಾರ್ಬುರೇಟರ್ ಕಾಲದ ಒಂದು ಸ್ಪೋರ್ಟ್ಸ್ ಬೈಕನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಏರ್ ಬಾಕ್ಸ್ ಕಿತ್ತುಹಾಕಿ ಕೋನ್ ಫಿಲ್ಟರ್ ಹಾಕಿಸಿದೆ. ಪೊಲೀಸರು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುತ್ತಾರಲ್ಲ, ಆ ಜಾತಿಯ ಸೈಲೆನ್ಸರ್ ಹಾಕಿಸಿದೆ. ಪತ್ರಿಕೆಯಲ್ಲಿ ಆ ಫೋಟೊ ಬಂದಾಗಲೆಲ್ಲ ಸಂಬಂಧಿಕರ ಸಾವಿನ ಸುದ್ದಿ ಓದಿದ ಹಾಗಾಗುತ್ತಿತ್ತು. ಮುಂದಿನ ಸ್ಪ್ರಾಕೆಟ್ಟಿಗಿದ್ದ 14 ಹಲ್ಲು ಸಾಲದೆಂದು 15 ಹಲ್ಲಿನದನ್ನು ಕೂರಿಸಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಟಾಪ್ ಸ್ಪೀಡು ಬೇಕಲ್ಲ! ಹೆದ್ದಾರಿ ಪ್ರಾಧಿಕಾರ 2023ರ ಆಗಸ್ಟ್ 1ರಿಂದ ಆ ರಸ್ತೆಗೆ ಬೈಕುಗಳನ್ನೇ ಬಿಡುತ್ತಿಲ್ಲ. ನನ್ನ ಸ್ಪ್ರಾಕೆಟ್ ಬಂದದ್ದು ಅದಾದ ಮೇಲೆ.

ಚಿಕಿತ್ಸೆಯನ್ನೂ ನಾನೇ ಶುರುಮಾಡಿದೆ. ಗಾಳಿ ಹೆಚ್ಚು ನುಗ್ಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಅನ್ನುವವರೆಗೆ ನನ್ನ ಬುದ್ಧಿ ಸರಿಯಾಗಿಯೇ ಓಡಿತು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯುವುದಕ್ಕೆ ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ತೀರ ಹೆಚ್ಚಾದರೆ ನೀರು ಹೆಚ್ಚಾದ ಹುಳಿಯ ಹಾಗೆ, ಎಷ್ಟು ಕುದಿಸಿದರೂ ರುಚಿ ಹತ್ತುವುದಿಲ್ಲ. ಆದ್ದರಿಂದ ಪೆಟ್ರೋಲ್ ಬಿಡುವ ತೂತು ದೊಡ್ಡದಿರುವ ಮೈನ್ ಜೆಟ್ ತಂದು ಹಾಕಿದೆ. ತೇಗು ಹೋಗಲಿಲ್ಲ. ಇನ್ನೂ ದೊಡ್ಡದು ಹಾಕಿದೆ. ತೇಗು ಹಾಗೇ ಉಳಿಯಿತು, ದುಡ್ಡು ಮಾತ್ರ ಹೋಯಿತು. ಮೂರನೆಯ ಭಾನುವಾರ ಕಾರ್ಬುರೇಟರನ್ನು ಇಡಿಯಾಗಿ ಬಿಚ್ಚಿ, ಸಾರಿನ ಡಬರಿಯಲ್ಲಿ ಪೆಟ್ರೋಲ್ ಸುರಿದು ನೆನೆಹಾಕಿದೆ. ಆ ಡಬರಿ ಈಗ ನನ್ನ ಖಾಸಾ ಆಸ್ತಿ. ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ, ನನಗೂ ಎರಡು ವಾರ ಇರಲಿಲ್ಲ.

ಈ ನಡುವೆ ಹೆಂಡತಿ ಗ್ಯಾಸ್ ಒಲೆಯವನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ದೊಡ್ಡ ಉರಿ ಚೆನ್ನಾಗೇ ಬರುತ್ತಪ್ಪ, ಸಿಮ್ಮಲ್ಲಿಟ್ರೆ ಪುಕ್ ಪುಕ್ ಅಂದು ಆರೋಗುತ್ತೆ. ಸಿಮ್ಮಿನ ತೂತು ಕಟ್ಕೊಂಡಿರ್ಬೇಕು, ಬಂದು ನೋಡು." ನಾನು ಮೈನ್ ಜೆಟ್ ತಿಕ್ಕುತ್ತಾ ಕೂತಿದ್ದೆ. ಆ ಮಾತಿಗೂ ನನಗೂ ಏನಾದರೂ ಸಂಬಂಧವಿದೆ ಎಂದು ಅನ್ನಿಸಲೇ ಇಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮಾವ ಬಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1996ರಲ್ಲಿ ಅದು ಬಾಗಿಲು ಹಾಕುವವರೆಗೆ, ಕೆಲಸ ಮಾಡಿದವರು. ಈಗ ಎಪ್ಪತ್ತಾರು. ಬೈಕಿನ ಮೇಲೆ ಕೂತವರೇ ಹಳೇ ಅಭ್ಯಾಸಬಲದಿಂದ ಎಡಗಾಲಲ್ಲಿ ಗೇರ್ ಲಿವರನ್ನು ಒಳಕ್ಕೆ ಒತ್ತಿದರು. ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರನ್ನೇ ಹಾಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರು. ನನ್ನದು ಒಳಗೆ ಹೋಗಲಿಲ್ಲ. "ಹೂಂ, ಇದರಲ್ಲಿ ಅದೆಲ್ಲ ಇಲ್ಲ," ಎಂದು ಬೈಕಿಗೆ ಮೊದಲ ಮಾರ್ಕ್ಸ್ ಕಳೆದರು.

ನನ್ನ ಮೈನ್ ಜೆಟ್ ಪುರಾಣವನ್ನು ಪೂರ್ತಿ ಕೇಳಿದ ಮೇಲೆ ಅವರು ಬೇಡಿದ್ದು ಒಂದು ತುಂಡು ಬಿಳಿ ಇನ್ಸುಲೇಷನ್ ಟೇಪು. ಅದನ್ನು ಥ್ರಾಟಲ್ ಹಿಡಿಗೆ ಸುತ್ತಿ ಪೆನ್ನಿನಲ್ಲಿ ಕಾಲು, ಅರೆ, ಮುಕ್ಕಾಲು ಎಂದು ಗೆರೆ ಎಳೆದರು. ಮಗಳನ್ನು ಕರೆದು, "ದೇವರಾಜ ಮಾರ್ಕೆಟ್ಟಿಗೆ ಹೋಗಿ ಬರೋ ತನಕ ನಿನ್ನ ಗಂಡನ ಕೈ ಯಾವ ಗೆರೆ ದಾಟುತ್ತೆ ನೋಡ್ತಾ ಇರಮ್ಮ," ಎಂದರು.

ಹೋಗಿ ಬಂದೆವು. ಬಾಳೆಎಲೆ, ಹೂವು, ವೀಳ್ಯದೆಲೆ ಬಂದವು. ಹೆಂಡತಿಯ ವರದಿಯೂ ಬಂತು: "ಕಾಲು ಗೆರೆ ದಾಟ್ಲೇ ಇಲ್ಲ ಅಪ್ಪ. ಒಂದ್ಸಲ ದಾಟೋಕೆ ಹೋದ್ರು, ಹಸು ಅಡ್ಡ ಬಂತು."

"ನೋಡಿ ಅಳಿಯಂದ್ರೇ," ಎಂದರು ಮಾವ. "ಮೈನ್ ಜೆಟ್ಟಿನ ಕೆಲಸ ಶುರುವಾಗೋದು ಮುಕ್ಕಾಲು ದಾಟಿದ ಮೇಲೆ. ನಡುವೆ ಇರೋದು ನೀಡಲ್ಲಿನ ರಾಜ್ಯ. ಈ ಕಾಲು ಗೆರೆಯೊಳಗೆ ಎಲ್ಲ ಪೈಲಟ್ ಜೆಟ್ಟಿಂದು. ನೀವು ಇಷ್ಟು ದಿನ ಬಣ್ಣ ಬಳಿದದ್ದು ಯಾರೂ ಹತ್ತದ ಮಹಡಿಗೆ."

ನಾನು ಮೂರು ತಿಂಗಳ ದುಡ್ಡನ್ನು ಲೆಕ್ಕ ಹಾಕಿದೆ. ಅಷ್ಟೂ ಖರ್ಚಾಗಿದ್ದು ನಾನು ಎಂದೂ ತಿರುಗಿಸದ ಆ ಕೊನೆಯ ಕಾಲು ಭಾಗಕ್ಕೆ.

"ಸಿಮ್ಮಿನ ತೂತು ಅನ್ನಿ," ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ಪೈಲಟ್ ಜೆಟ್ ಬಿಚ್ಚಿದೆವು. ಅದರ ತೂತು ಅರ್ಧ ಮಿಲಿಮೀಟರೂ ಇರುವುದಿಲ್ಲ. ಹಳೇ ಪೆಟ್ರೋಲಿನ ಅಂಟು ಕೂತು ಅರ್ಧ ಮುಚ್ಚಿತ್ತು. ನಾನು ಉತ್ಸಾಹದಿಂದ ಸೀರೆಗೆ ಚುಚ್ಚುವ ಪಿನ್ನು ತಂದು ತೂರಿಸಿಯೇಬಿಟ್ಟೆ. ಮಾವ ಕಣ್ಣು ಮುಚ್ಚಿಕೊಂಡರು. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕಿತ್ತಂತೆ. ಉಕ್ಕಿನ ಪಿನ್ನು ಹಾಕಿದರೆ ತೂತೇ ದೊಡ್ಡದಾಗಿ ಜೆಟ್ಟು ಕೆಡುತ್ತದೆ. ಹೊಸದು ತಂದೆ. ಈ ಬೈಕಿಗೆ ನಾನು ಕೊಂಡ ಸಾಮಾನುಗಳಲ್ಲೆಲ್ಲ ಅಗ್ಗದ್ದು ಅದೇ.

ಕೋನ್ ಫಿಲ್ಟರೂ ಹೋಗಬೇಕು ಎಂದು ಅಪ್ಪಣೆಯಾಯಿತು. ಇಂಥ ಕಾರ್ಬುರೇಟರಿನಲ್ಲಿ ಸ್ಲೈಡನ್ನು ಮೇಲೆತ್ತುವುದು ಕೇಬಲ್ ಅಲ್ಲ, ಇಂಜಿನ್ ಎಳೆಯುವ ಗಾಳಿ. ಆ ಗಾಳಿ ಏರ್ ಬಾಕ್ಸಿನಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಹದವಾಗಿ ಬರಬೇಕು. ಬಯಲಿಂದ ಬುಸುಗುಟ್ಟಿಕೊಂಡು ನುಗ್ಗಿದರೆ ಸ್ಲೈಡು ಗಲಿಬಿಲಿಗೊಳ್ಳುತ್ತದೆ. ಸರಿ, ಏರ್ ಬಾಕ್ಸ್ ಎಲ್ಲಿ?

ಹಿತ್ತಲಲ್ಲಿತ್ತು. ಅಮ್ಮ ಅದರಲ್ಲಿ ದೊಡ್ಡಪತ್ರೆ ಬೆಳೆಸಿದ್ದರು. "ಒಳ್ಳೇ ಕುಂಡ ಕಣೋ, ನೀರು ಹೋಗೋಕೆ ತಳದಲ್ಲಿ ತೂತೂ ಅವರೇ ಕೊಟ್ಟಿದ್ದಾರೆ," ಎಂದರು. ಅದರ ಎಲೆಯ ತಂಬುಳಿಯನ್ನು ನಾನು ಮೂರು ತಿಂಗಳಿಂದ ಹೊಗಳುತ್ತಾ ಉಣ್ಣುತ್ತಿದ್ದೆ. ಸಂಧಾನವಾಗಿ, ದೊಡ್ಡಪತ್ರೆ ಪೆಟ್ರೋಲಿನ ಡಬರಿಗೆ ಸ್ಥಳಾಂತರವಾಯಿತು.

ಹಳೇ ಸೈಲೆನ್ಸರ್ ಅಟ್ಟದಿಂದ ಇಳಿಯಿತು. ಹಳೇ ಮೈನ್ ಜೆಟ್ ಮರಳಿತು, 14 ಹಲ್ಲೂ ಮರಳಿದವು. ಮಿಕ್ಸ್‌ಚರ್ ಸ್ಕ್ರೂವನ್ನು ಮಾವ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಇಂಜಿನ್ ಕಾಯಿಸಿ, ಕಿವಿಗೊಟ್ಟು ಕೇಳುತ್ತಾ ಎರಡೂವರೆ ಸುತ್ತು ಹೊರಗೆ ತಂದು ನಿಲ್ಲಿಸಿದರು. ಥ್ರಾಟಲ್ ಮುಟ್ಟಿದೆ. ತೇಗಿಲ್ಲ, ನಿಟ್ಟುಸಿರಿಲ್ಲ. ಕೊಂಡ ದಿನ ಹೇಗಿತ್ತೋ ಹಾಗಾಗಿತ್ತು ಬೈಕು.

"ಪೆಟ್ರೋಲ್ ಹಾಕಿಸ್ಕೊಂಡು ಬಂದ್ಬಿಡ್ತೀನಿ," ಎಂದು ಮಾವ ನನ್ನ ಹೆಲ್ಮೆಟ್ ಹಾಕಿಕೊಂಡು ಹೊರಟರು. ಬಂಕು ಇರುವುದು ಎರಡು ಬೀದಿ ಆಚೆ. ಅವರು ವಾಪಸು ಬಂದಾಗ ಮುಕ್ಕಾಲು ಗಂಟೆಯಾಗಿತ್ತು, ಹೆಲ್ಮೆಟ್ಟಿನ ಗಾಜಿಗೆ ರಿಂಗ್ ರೋಡಿನ ಹುಳುಗಳು ಅಂಟಿದ್ದವು. ಅಡುಗೆಮನೆಯ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ಮೈನ್ ಜೆಟ್ಟೂ ಚೆನ್ನಾಗಿದೆ ಅಳಿಯಂದ್ರೇ. ನಿಮ್ಮತ್ತೆಗೆ ಹೇಳ್ಬೇಡಿ."