ಗುಟ್ಟು ಕಾಯುವ ಬಾತುಕೋಳಿ

(ಬೇಲೂರು. ದೇವಸ್ಥಾನದ ಬೀದಿಯ ಟೀ ಅಂಗಡಿ.)

ಅಳಿಯ: ಗೂಗಲ್ ಬಿಟ್ಟೆ ಮಾವ. ಈಗ ಡಕ್‌ಡಕ್‌ಗೋ. ನಾವು ಹುಡುಕಿದ್ದನ್ನ ಬರೆದಿಟ್ಟುಕೊಳ್ಳೋದಿಲ್ಲ.

ಮಾವ: ಮಂಡಿನೋವಿನ ಎಣ್ಣೆ ಅಂತ ಒಂದ್ಸಲ ಕೇಳಿದ್ದಕ್ಕೆ ನನಗೆ ಇವತ್ತಿಗೂ ಎಣ್ಣೆ ಜಾಹೀರಾತು ಕಣೋ! ಇದರಲ್ಲಿ ಇಲ್ವಾ?

ಅಳಿಯ: ಇದೆ. ಹುಡುಕಿದಾಗ ಮಾತ್ರ, ಬೆನ್ನುಹತ್ತಿ ಬರಲ್ಲ.

ಮಾವ: ಉತ್ತರ ಎಲ್ಲಿಂದ ತರುತ್ತೆ?

ಅಳಿಯ: ಬಹುಪಾಲು ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ.

ಮಾವ: ಗೂಗಲ್ ಮನೆ ಬಿಟ್ಟು ಬಿಂಗ್ ಜಗಲಿ ಸೇರಿದ್ಯಾ! ಎಲ್ಲಿ, ಚೆನ್ನಕೇಶವ ದೇವಸ್ಥಾನದ ಬಗ್ಗೆ ಕೇಳು.

ಅಳಿಯ: 1117, ವಿಷ್ಣುವರ್ಧನ. 2023ರಲ್ಲಿ ಯುನೆಸ್ಕೊ ಪಟ್ಟಿ. ಎಲ್ಲ ಸರಿ!

ಮಾವ: ಹಳೇಬೀಡಿಗೆ ಮುಂದಿನ ಬಸ್ಸು?

ಅಳಿಯ: ನಾವೆಲ್ಲಿದ್ದೀವಿ ಅಂತಾನೇ ಇದಕ್ಕೆ ಸರಿಯಾಗಿ ಗೊತ್ತಿಲ್ಲ ಮಾವ. ಗುಟ್ಟು ಕಾಯ್ತಿದೆ.

ಟೀ ಅಂಗಡಿಯವನು: ಬಸ್ಸು ಬಂದ್ರೆ ನಾನೇ ಕೂಗ್ತೀನಿ ಬಿಡಿ ಯಜಮಾನ್ರೇ. ಅಂದಂಗೆ, ನಿಮ್ಮಳಿಯ ಬೈಕಿಗೆ ಸಾಲ ಹುಡುಕ್ತಿದ್ರಲ್ಲ, ಸಿಕ್ತಾ?