ಸಂದಿ ಪ್ರಕರಣ: ನುರಿತ ಸವಾರನು ಮುಂದಿನ ರೋಡ್ ಬೈಕು ಆರಿಸುವ ಕ್ರಮದ ಮೀಮಾಂಸೆ

ಹುಬ್ಬಳ್ಳಿ-ಧಾರವಾಡದಲ್ಲಿ ರೋಡ್ ಬೈಕು ಕೊಳ್ಳಹೊರಟ ನುರಿತ ಸವಾರನು ಸೈಕಲ್ಲಿನಲ್ಲಿ ಏನಿದೆ ಎಂದು ನೋಡಬಾರದು, ಏನಿಲ್ಲ ಎಂದು ನೋಡಬೇಕು ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಟೈರಿಗೂ ಫ್ರೇಮಿಗೂ ನಡುವಿನ ಖಾಲಿ ಜಾಗ, ಅಂದರೆ ಸಂದಿ, ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ವಸ್ತು. ಖಾಲಿಯಾಗಿರುವುದು ವಸ್ತು ಹೇಗಾದೀತು ಎಂದು ಮೊದಲ ಹೆಜ್ಜೆಗೇ ತಡೆಯುವವರು ವೈಶೇಷಿಕರನ್ನು ಕೇಳಲಿ. ಅವರು ದ್ರವ್ಯ, ಗುಣ, ಕರ್ಮಾದಿ ಆರು ಪದಾರ್ಥಗಳ ಸಾಲಿಗೆ ಅಭಾವವನ್ನು ಏಳನೆಯದಾಗಿ ಸೇರಿಸಿಕೊಂಡು ಶತಮಾನಗಳಾದವು. ಅವರು ಕೊಟ್ಟ ಮನ್ನಣೆಯನ್ನು ಸೈಕಲ್ ಮಾರುವವರು ಇನ್ನೂ ಕೊಟ್ಟಿಲ್ಲ. ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ, ಗಿಯರಿನ ಹಲ್ಲು ಎಣಿಸಿ ಬರೆಯುತ್ತಾರೆ, ಸಂದಿಯ ಸುದ್ದಿ ಮಾತ್ರ ಪಟ್ಟಿಯ ತಳದಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಇನ್ನು ‘ನುರಿತ ಸವಾರ’ ಎಂದರೆ, ಮೊದಲ ಸೈಕಲ್ಲನ್ನು ಬಣ್ಣ ನೋಡಿ, ಎರಡನೆಯದನ್ನು ತೂಕ ನೋಡಿ ಕೊಂಡು, ಎರಡನ್ನೂ ಪಡಸಾಲಿಯ ಗೋಡೆಗೆ ಒರಗಿಸಿದವನು ಎಂದು ಲಕ್ಷಣ. ಆರು ತಿಂಗಳು ಅಲುಗದೆ ನಿಂತ ಸೈಕಲ್ಲು ಚರಾಸ್ತಿಯೋ ಸ್ಥಿರಾಸ್ತಿಯೋ ಎಂಬುದು ಮನೆಯವರು ಎತ್ತಿದ ಬೇರೆ ಪ್ರಶ್ನೆ. ಅದಕ್ಕೆ ಬೇರೆ ಪ್ರಬಂಧ ಬೇಕು.

ಮೊದಲ ಪ್ರಮಾಣ ಪ್ರತ್ಯಕ್ಷ, ಅದು ಮಣ್ಣು. ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಜಾಗದಲ್ಲಿ ಧಾರವಾಡ ಕೂತಿದೆ. ಪಡುವಣಕ್ಕೆ ಹಳಿಯಾಳದ ದಾರಿ ಹಿಡಿದರೆ ಕೆಮ್ಮಣ್ಣು, ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ತಿರುಗಿದರೆ ಯರಿ ಎಂಬ ಕರಿಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುವ ಈ ಯರಿ, ಮುಂಗಾರಿನ ಎರಡು ಮಳೆ ಬಿದ್ದರೆ ಅಂಟಾಗುತ್ತದೆ. ಸವಾರ ಹೊಲಕ್ಕೆ ಇಳಿಯಲೇಬೇಕೆಂದಿಲ್ಲ. ಹೊಲದಿಂದ ಡಾಂಬರಿಗೆ ಹತ್ತುವ ಟ್ರ್ಯಾಕ್ಟರು ತನ್ನ ಗಾಲಿಯ ಅಚ್ಚಿನಲ್ಲೇ ಅದನ್ನು ತಂದು ರಸ್ತೆಗೆ ಹಾಸುತ್ತದೆ. ಅದರ ಮೇಲೆ ಹಾಯ್ದ ಸಪೂರ ಸೈಕಲ್ಲಿನ ಗತಿಯನ್ನು ವಿವರಿಸಲು ಹಳೆಯ ವ್ಯಾಕರಣವೇ ಸಾಕು. ಕೇಶಿರಾಜನು 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ಸಂಧಿ ಪ್ರಕರಣವನ್ನೇ ಮುಂದಿಟ್ಟದ್ದು ಸುಮ್ಮನೆ ಇರಲಾರದು. ಮೊದಲು ಆಗಮ: ಇಲ್ಲದಿದ್ದ ರಾಡಿ ಬ್ರೇಕಿನ ಕಮಾನಿನ ಕೆಳಗೆ ಬಂದು ಸೇರುತ್ತದೆ. ಆಮೇಲೆ ಲೋಪ: ಇದ್ದ ಸಂದಿ ಇಲ್ಲವಾಗುತ್ತದೆ, ಗಾಲಿ ನಿಲ್ಲುತ್ತದೆ. ಕೊನೆಗೆ ಆದೇಶ: ಒಂದರ ಜಾಗಕ್ಕೆ ಇನ್ನೊಂದು ಬಂದು, ಸೈಕಲ್ಲಿನ ಮೇಲಿದ್ದ ಸವಾರನ ಬದಲು ಸವಾರನ ಹೆಗಲ ಮೇಲೆ ಸೈಕಲ್ಲು ಬರುತ್ತದೆ. ಅಂಥ ಹೊತ್ತಿನಲ್ಲಿ ಲಕ್ಷ ರೂಪಾಯಿಯ ಯಂತ್ರಕ್ಕೆ ಆಸರೆಯಾಗುವುದು ರಸ್ತೆ ಬದಿಯ ಜಾಲಿಗಿಡದಿಂದ ಮುರಿದ ಒಂದು ಕಡ್ಡಿ. ಎರಡೂ ಊರುಗಳ ನಡುವೆ ತನಗೇ ಮೀಸಲಾದ ಪಥದಲ್ಲಿ ಓಡುವ ಚಿಗರಿ ಬಸ್ಸಿನ ದಾರಿ ನುಣುಪಾಗಿದೆಯಲ್ಲ ಎನ್ನುವವರು ಉಂಟು. ಅದು ಚಿಗರಿಯ ದಾರಿ. ಪರರ ಆಸ್ತಿಯನ್ನು ಪ್ರಮಾಣವಾಗಿ ತರುವುದು ವಾದದಲ್ಲಿ ಸಲ್ಲದು.

ಈಗ ಪೂರ್ವಪಕ್ಷ. ತೂಕವಾದಿಗಳು ಹೇಳುವುದು ಹೀಗೆ: ಧಾರವಾಡ ಮೇಲಿದೆ, ಹುಬ್ಬಳ್ಳಿ ಕೆಳಗಿದೆ, ಏರುವವನಿಗೆ ಹಗುರವೇ ಹಿತ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದೆಂದು ನಿಯಮ ಮಾಡಿದೆ ಎಂದರೆ ಹಗುರಕ್ಕೆ ಎಷ್ಟು ಬೆಲೆಯಿರಬೇಕು! ವಾದ ಗಂಭೀರವಾದದ್ದು, ಆದ್ದರಿಂದ ಪೇಡೆಯಿಂದಲೇ ಉತ್ತರಿಸಬೇಕು. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ದೂರ, ಸುಮಾರು 100 ಮೀಟರ್ ಎತ್ತರದ ಅಂತರ. ಒಂದು ಕಿಲೋ ತೂಕವನ್ನು 100 ಮೀಟರ್ ಎತ್ತಲು ಬೇಕಾದ ಶಕ್ತಿ ಹತ್ತಿರ ಹತ್ತಿರ 1000 ಜೂಲು, ಎಂದರೆ ಕಾಲು ಕಿಲೋಕ್ಯಾಲರಿ. ಉಂಡದ್ದರಲ್ಲಿ ಕಾಲುಭಾಗವನ್ನಷ್ಟೇ ಮೈ ಪೆಡಲಿಗೆ ದಾಟಿಸುವುದರಿಂದ ಖರ್ಚು ಒಂದು ಕಿಲೋಕ್ಯಾಲರಿ ಎನ್ನೋಣ. ಪೇಡೆಗೆ ಗ್ರಾಮಿಗೆ ನಾಲ್ಕರ ಲೆಕ್ಕ ಹಿಡಿದರೆ ಕಾಲು ಗ್ರಾಂ ಪೇಡೆ. ಗಾಲಿ ಉರುಳುವ ತೊಡಕಿಗೆಂದು ಧಾರಾಳವಾಗಿ ಇನ್ನಷ್ಟೇ ಸೇರಿಸಿದರೂ ಅರ್ಧ ಗ್ರಾಂ. ಧಾರವಾಡ ಪೇಡೆ ತಿಂದವನ ಬೆರಳಿಗೆ ಅಂಟಿದ ಸಕ್ಕರೆಪುಡಿ ಅಷ್ಟಿರುತ್ತದೆ. ಒಂದು ಕಿಲೋ ಇಳಿಸಲು ಐವತ್ತು ಸಾವಿರ, ಲಕ್ಷ ಸುರಿಯುವವನು ಬೆರಳು ನೆಕ್ಕುವುದನ್ನು ಕಲಿತರೆ ಸಾಕು.

ವೇಗವಾದಿಗಳ ಆಕ್ಷೇಪ ಇನ್ನೂ ಬಲವಾದದ್ದು. ದಪ್ಪ ಟೈರು ನಿಧಾನ ಎಂಬುದು ಅವರ ನಂಬಿಕೆ. ಆದರೆ 23 ಮಿಲಿಮೀಟರಿನ ಟೈರಿನ ಮೇಲೆ ಓಡುತ್ತಿದ್ದ ವೃತ್ತಿಪರರೇ ಈಗ 28ಕ್ಕೂ ಅದರಾಚೆಗೂ ಬಂದಿದ್ದಾರೆ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಗಾಳಿ ತುಂಬಿದ ಸಪೂರ ಟೈರು ಸವಾರನನ್ನು ಮೇಲಕ್ಕೆ ಕುಣಿಸುವುದರಲ್ಲೇ ಶಕ್ತಿ ಕಳೆಯುತ್ತದೆ. ಬೇಕಾದರೆ ವೇಗ ಹೆಚ್ಚುತ್ತದೆಂದೇ ಒಪ್ಪಿಕೊಂಡು ಲೆಕ್ಕ ಮಾಡೋಣ. ಫ್ರಾನ್ಸಿನಲ್ಲಿ ಹುಟ್ಟಿ ನಮ್ಮಲ್ಲೂ ಬೇರೂರಿದ ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಗಂಟೆಗೆ 15 ಕಿಲೋಮೀಟರಿಗೂ ಒಂದಿಷ್ಟು ಕಡಿಮೆಯೇ ಬಿತ್ತು. ಗಂಟೆಗೆ 24ರಂತೆ ತುಳಿಯುವವನು ಹೊಸ ಸೈಕಲ್ಲಿನ ಮಹಿಮೆಯಿಂದ 25ಕ್ಕೆ ಏರಿದನೆನ್ನಿ, ಉಳಿದದ್ದು 20 ನಿಮಿಷ. ಜಾಲಿಕಡ್ಡಿ ಹಿಡಿದು ಹತ್ತು ಹತ್ತು ನಿಮಿಷ ಎರಡು ಸಲ ಕುಕ್ಕರಗಾಲಿನಲ್ಲಿ ಕೂತರೆ ಆ ಉಳಿತಾಯ ಮಣ್ಣುಪಾಲು, ಅಕ್ಷರಶಃ. ಗಾಳಿ ಸೀಳುವ ಫ್ರೇಮಿನ ಮಾತು ಎತ್ತಿದರೆ, ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ಮೈಯದೇ. ಹೊಟ್ಟೆಯನ್ನು ಅಂಗಡಿಯಲ್ಲಿ ಬದಲಾಯಿಸಿ ಕೊಡುವುದಿಲ್ಲ.

ಕೊನೆಯ ಆಕ್ಷೇಪ ತಾರ್ಕಿಕರದು: ಸಂದಿಯೇ ಶ್ರೇಷ್ಠವಾದರೆ ಮೌಂಟನ್ ಬೈಕು ಯಾಕಾಗಬಾರದು? ಈ ದಾರಿ ಹಿಡಿದರೆ ಚಕ್ಕಡಿ ಎಲ್ಲಕ್ಕಿಂತ ಶ್ರೇಷ್ಠವಾಗಬೇಕಾಗುತ್ತದೆ. ಇದು ಅತಿವ್ಯಾಪ್ತಿ ದೋಷ. ಜೂನಿನಿಂದ ಸೆಪ್ಟೆಂಬರಿನವರೆಗೆ ಹುಬ್ಬಳ್ಳಿಯಿಂದ ವಾಯವ್ಯಕ್ಕೆ, ಧಾರವಾಡದ ಕಡೆ ಹೊರಟವನಿಗೆ ಏರೂ ಉಂಟು, ಪಡುಗಾಳಿಯೂ ಓರೆಯಾಗಿ ಎದುರಾಗುತ್ತದೆ. ಆಗ ಬಾಗಿ ಹಿಡಿಯಲು ಕೆಳಕ್ಕೆ ಬಳುಕಿದ ಹ್ಯಾಂಡಲ್ಲೇ ಬೇಕು, ಅದು ರೋಡ್ ಬೈಕಿನ ಲಕ್ಷಣ. ಆದುದರಿಂದ ನಿರ್ಣಯ: ಡಿಸ್ಕ್ ಬ್ರೇಕು ಇರಲಿ, ಏಕೆಂದರೆ ಅದು ಗಾಲಿಯ ನೆತ್ತಿಯ ಮೇಲಿನ ಕಮಾನನ್ನು ತೆಗೆದು ಜಾಗ ಬಿಡಿಸುತ್ತದೆ. 32 ಮಿಲಿಮೀಟರಿನ ಟೈರು ಹಾಕಿಸಿ, ಮೊಣಕಾಲೂರಿ ಕೂತು, ಟೈರಿಗೂ ಫ್ರೇಮಿಗೂ ನಡುವೆ ಸುಮಾರು 7 ಮಿಲಿಮೀಟರ್ ದಪ್ಪದ ಸಾಧಾರಣ ಪೆನ್ಸಿಲ್ಲನ್ನು ಮುಂದೆ, ಹಿಂದೆ, ಎರಡೂ ಮಗ್ಗುಲಲ್ಲಿ ತೂರಿಸಿ ನೋಡತಕ್ಕದ್ದು. ಬಣ್ಣದ ವಿಚಾರದಲ್ಲಿ ಶಾಸ್ತ್ರ ಮೌನವಾಗಿದೆ. ನವಲಗುಂದದ ದಾರಿಯಲ್ಲಿ ಆಷಾಢದಲ್ಲಿ ಎಲ್ಲ ಸೈಕಲ್ಲೂ ಕರಿಯವೇ. ಪೆನ್ಸಿಲ್ಲು ಸಿಕ್ಕಿಕೊಂಡರೆ ಸೈಕಲ್ಲನ್ನು ಅಲ್ಲೇ ಬಿಟ್ಟು, ಪೆನ್ಸಿಲ್ಲನ್ನು ಮಾತ್ರ ತೆಗೆದುಕೊಂಡು ಬನ್ನಿರಿ.