ಶಾಲು ಹೊದ್ದು ಹೋದವರಿಗೆ ಒಂದು ಬಹಿರಂಗ ಪತ್ರ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸಮಸ್ತ ಕನ್ನಡ ಶಾಲಾಭಿಮಾನಿ ಪಾಲಕರಿಗೆ ಸಾಷ್ಟಾಂಗ ನಮಸ್ಕಾರ.

ನಮ್ಮೂರ ಕನ್ನಡ ಶಾಲೆಯ ಶತಮಾನೋತ್ಸವದಲ್ಲಿ ತಮ್ಮ ಭಾಷಣ ಕೇಳಿ ಕಣ್ಣು ತುಂಬಿ ಬಂತು. ಸೆಗಣಿ ಸಾರಿಸಿದ ನೆಲದ ಮೇಲೆ ಕೂತು ಕಲಿತಿದ್ದನ್ನು ಹೇಳಿದಿರಿ, ಅಕ್ಕೋರು ಕಿವಿ ಹಿಂಡಿದ್ದನ್ನು ನೆನೆದಿರಿ, ದೇಣಿಗೆ ಘೋಷಿಸಿದಿರಿ. ಶಾಲು ಹೊದ್ದು, ಯಕ್ಷಗಾನದ ಚೆಂಡೆ ಕೇಳುವ ಮೊದಲೇ ಹೊರಟಿರಿ. ಪಾಪ, ಬೆಳಗಾದರೆ ಮಗಳ ಹಳದಿ ಬಸ್ಸು ಬರುತ್ತದಲ್ಲ!

ಆ ಬಸ್ಸನ್ನು ನಾನೂ ಬಲ್ಲೆ. ಜೂನ್ ಮಳೆಯಲ್ಲಿ ಹೆದ್ದಾರಿ ಪಕ್ಕ ಕೊಡೆಯಡಿ ನಿಂತ ಯುಕೆಜಿ ಕೂಸು. ಕುತ್ತಿಗೆಗೆ ಟೈ, ಬೂಟಿನೊಳಗೆ ನೀರು. (ನಮ್ಮ ಕರಾವಳಿಯ ಸೆಕೆಗೆ ಟೈ ಕಟ್ಟಿಸಿದ ಪುಣ್ಯಾತ್ಮ ಯಾರೋ!) ಬಸ್ಸು ಕನ್ನಡ ಶಾಲೆಯ ಗೇಟಿನೆದುರೇ ಹಾದು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತದೆ.

ತಪ್ಪು ತಿಳಿಯಬೇಡಿ, ಅದು ತಮ್ಮ ಹಕ್ಕು. ಪ್ರಾಥಮಿಕ ಹಂತದ ಮಾಧ್ಯಮ ಆರಿಸುವವರು ಪಾಲಕರೇ ಹೊರತು ಸರ್ಕಾರವಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕಕ್ಕೇ ಹೇಳಿದೆ. ಬಡವರಿಗಂತೂ ಆರಿಸುವ ತಾಪತ್ರಯವೇ ಇಲ್ಲ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯಲ್ಲಿ ಆರ್‌ಟಿಇ ಸೀಟಿಲ್ಲವೆಂದು 2019ರಲ್ಲಿ ನಿಯಮ ತಿದ್ದಿಯಾಗಿದೆ.

ಖಾಸಗಿ ಎಂದಾಕ್ಷಣ ಮೂಗು ಮುರಿಯುವ ಜಿಲ್ಲೆಯೂ ನಮ್ಮದಲ್ಲ. 1919ರಲ್ಲಿ ಭಟ್ಕಳದ ಅಂಜುಮನ್ ಶಿಕ್ಷಣ ಸಂಸ್ಥೆ, 1953ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ ಹುಟ್ಟಿದ್ದು ಸರ್ಕಾರದ ದಾರಿ ಕಾಯದೆಯೇ. ಅವರು ಮಕ್ಕಳಿದ್ದಲ್ಲಿಗೆ ಶಾಲೆ ತಂದರು; ಈಗಿನ ಬಸ್ಸು ಶಾಲೆಯಿದ್ದಲ್ಲಿಂದ ಮಕ್ಕಳನ್ನು ಒಯ್ಯುತ್ತದೆ.

'ಕನ್ನಡ ಶಾಲೆಯಲ್ಲಿ ಏನೂ ಕಲಿಸುವುದಿಲ್ಲ' ಎನ್ನುತ್ತೀರಿ. ಪೂರಾ ಸುಳ್ಳಲ್ಲ. ಒಂದರಿಂದ ಮೂರರವರೆಗಿನ ನಲಿ-ಕಲಿ ಒಂದೇ ಕೋಣೆಯಲ್ಲಿ. ನಡುವೆ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂಬ ಲೆಕ್ಕ. ಅದು ಮುಗಿದರೆ ಸಮೀಕ್ಷೆ, ಮತದಾರರ ಪಟ್ಟಿ. ಅಕ್ಕೋರಿಗೆ ಎರಡೇ ಕೈ. ಇದನ್ನೆಲ್ಲ ಗದರಿಸಿ ಕೇಳಲು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಆದರೆ ಪಾಲಕರಾಗಿ ಅದರಲ್ಲಿ ಕೂರಬೇಕಾದರೆ ಮಗು ಅದೇ ಶಾಲೆಯಲ್ಲಿರಬೇಕು! ಬಿಇಒ ಕಚೇರಿಯಲ್ಲಿ ಟೇಬಲ್ ಕುಟ್ಟಿ ಮಾತಾಡಬಲ್ಲ ತಾವೆಲ್ಲ ಮಕ್ಕಳನ್ನು ಬಸ್ಸು ಹತ್ತಿಸಿ ಕೈ ತೊಳೆದುಕೊಂಡಿರಿ. ಉಳಿದ ಪಾಲಕರು ಶಿಕ್ಷಕರು ಸಾಲುತ್ತಿಲ್ಲ ಎಂಬ ಅರ್ಜಿಯನ್ನೂ ಅಕ್ಕೋರ ಕೈಯಲ್ಲೇ ಬರೆಸುತ್ತಾರೆ.

ಮಕ್ಕಳು ಹತ್ತಕ್ಕಿಂತ ಕಡಿಮೆಯಾದ ದಿನ ಶಾಲೆ ಮುಚ್ಚುವ ಮಾತು ಬರುತ್ತದೆ. ಆಗ 'ಕನ್ನಡ ಶಾಲೆ ಉಳಿಸಿ' ಬ್ಯಾನರಿನ ಮುಂಚೂಣಿಯಲ್ಲಿ ತಾವೇ ಇರುತ್ತೀರಿ, ನನಗೆ ಅನುಮಾನವಿಲ್ಲ.

ಬರುವ ಮೇ ತಿಂಗಳ ಕೊನೆಗೆ ದಾಖಲಾತಿ ಶುರು. ನಾವು ತಮ್ಮ ಮನೆಗೂ ಬರುತ್ತೇವೆ. ಈ ಸಲ ದೇಣಿಗೆ ಬೇಡ, ಒಂದನೇ ತರಗತಿಗೆ ಒಂದು ಹೆಸರು ಬರೆಸಿ.

ಇಂತಿ,
ಪೆಂಡಾಲಿನಲ್ಲಿ ಕುರ್ಚಿ ಎತ್ತಿಟ್ಟವ